ಬಲೆಗೆ ಬಿದ್ದ ಪತಂಗದ ಲೆಕ್ಕ



ಹತ್ತಿ ಹೊಲದಲ್ಲಿ ಮೋಹಕ ಬಲೆ ಕಟ್ಟುವುದು ಈಗ ಹೊಸ ಮಾತಲ್ಲ. ಕೋಲಿನ ತುದಿಗೆ ಕಟ್ಟಿದ ಲಾಳಿಕೆ, ಅದರ ಕೆಳಗೆ ಜೋಲು ಬಿದ್ದ ಉದ್ದನೆಯ ಪ್ಲಾಸ್ಟಿಕ್ ಚೀಲ, ಮೇಲೆ ಬೆರಳ ತುದಿಯಷ್ಟು ಗಾತ್ರದ ರಬ್ಬರ್ ಬಿರಡೆ. ಆ ಬಿರಡೆಗೆ ಲೂರ್ ಎಂದು ಹೆಸರು. ರಾಯಚೂರು, ಯಾದಗಿರಿ, ಹಾವೇರಿ, ಧಾರವಾಡ ಜಿಲ್ಲೆಗಳ ಹತ್ತಿ ಸೀಮೆಯಲ್ಲಿ ಇದನ್ನು ಕಾಣದ ರೈತರು ಕಡಿಮೆ. ಆದರೆ ಈ ಬಲೆಯ ಬಗ್ಗೆ ಹಳ್ಳಿಗಳಲ್ಲಿ ಎರಡು ಮಾತುಗಳು ಪದೇ ಪದೇ ಕೇಳಿಬರುತ್ತವೆ. "ಬಲೆ ಕಟ್ಟಿದ್ದಾಯಿತು, ಇನ್ನು ಹುಳುವೆಲ್ಲ ಅದರಲ್ಲೇ ಬಿದ್ದು ಸಾಯುತ್ತದೆ" ಎನ್ನುವವರು ಕೆಲವರು. "ಬಲೆ ಕಟ್ಟಿದರೆ ಪಕ್ಕದ ಹೊಲದ ಹುಳುವನ್ನೂ ನಾವೇ ಕರೆದು ಕೂರಿಸಿದ ಹಾಗಾಗುತ್ತದೆ" ಎನ್ನುವವರು ಇನ್ನು ಕೆಲವರು. ಎರಡೂ ಸರಿಯಲ್ಲ. ಏಕೆ ಸರಿಯಲ್ಲ ಎಂಬುದಕ್ಕೆ ಉತ್ತರ ಕೀಟಶಾಸ್ತ್ರದಲ್ಲಿ ಅರ್ಧ ಇದೆ, ಉಳಿದರ್ಧ ಗಣಿತದಲ್ಲಿದೆ. ಗಂಡು ಪತಂಗ ಕತ್ತಲಲ್ಲಿ ಹೆಣ್ಣನ್ನು ಹೇಗೆ ಹುಡುಕುತ್ತದೆ ಎಂಬುದನ್ನು ಲೆಕ್ಕದ ಮೂಲಕ ತಿಳಿಯಲು ವಿಜ್ಞಾನಿಗಳು ಅರವತ್ತು ವರ್ಷಗಳಿಂದ ಶ್ರಮಿಸಿದ್ದಾರೆ. ಆ ಲೆಕ್ಕದ ತಿರುಳನ್ನು ನಿಮ್ಮ ಮುಂದಿಡುತ್ತೇವೆ. ಗಣಿತವೆಂದು ಹೆದರಬೇಕಾಗಿಲ್ಲ. ಸಾಲದ ಬಡ್ಡಿಯನ್ನು ಬಾಯಲ್ಲೇ ಹಾಕಬಲ್ಲವರಿಗೆ ಇದೇನೂ ಕಷ್ಟವಲ್ಲ.

ರೇಷ್ಮೆ ಸಾಕುವವರಿಗೆ ಈ ವಿಷಯದ ಮೊದಲ ಪಾಠ ಮನೆಯಲ್ಲೇ ಇದೆ. ಬಿತ್ತನೆ ಕೋಠಿಯಲ್ಲಿ ಗೂಡಿನಿಂದ ಹೊರಬಿದ್ದ ಹೆಣ್ಣು ಪತಂಗ ಕೂತಲ್ಲೇ ಕೂತು ಹಿಂಬದಿಯಿಂದ ಎರಡು ಪುಟ್ಟ ಗ್ರಂಥಿಗಳನ್ನು ಹೊರಚಾಚುತ್ತದೆ. ನಮ್ಮ ಮೂಗಿಗೆ ಏನೂ ತಿಳಿಯುವುದಿಲ್ಲ. ಆದರೆ ಗಂಡು ಪತಂಗ ಮಾತ್ರ ರೆಕ್ಕೆ ಪಟಪಟನೆ ಬಡಿಯುತ್ತಾ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಸೊಟ್ಟ ಸೊಟ್ಟನೆ ನಡೆದು ಅವಳಿದ್ದಲ್ಲಿಗೇ ಬರುತ್ತದೆ. ಆ ವಾಸನೆಯ ವಸ್ತುವನ್ನು ಜರ್ಮನಿಯ ರಸಾಯನ ವಿಜ್ಞಾನಿ ಬ್ಯೂಟೆನಾಂಟ್ ಮತ್ತು ಅವರ ಸಂಗಡಿಗರು 1959ರಲ್ಲಿ ಬೇರ್ಪಡಿಸಿ ತೋರಿಸಿದರು. ಸುಮಾರು 5 ಲಕ್ಷ ಹೆಣ್ಣು ಪತಂಗಗಳಿಂದ ಸಿಕ್ಕಿದ್ದು ಕೆಲವೇ ಮಿಲಿಗ್ರಾಂ. ರೇಷ್ಮೆ ಹುಳುವಿನ ಶಾಸ್ತ್ರೀಯ ಹೆಸರಾದ ಬಾಂಬಿಕ್ಸ್ ಎಂಬುದರಿಂದ ಅದಕ್ಕೆ ಬಾಂಬಿಕಾಲ್ ಎಂದು ಹೆಸರಿಟ್ಟರು. ಇಂತಹ ವಸ್ತುಗಳಿಗೆಲ್ಲ ಫೆರೋಮೋನ್ ಎಂಬ ಹೆಸರು ಬಂದದ್ದೂ ಅದೇ ವರ್ಷ. ನಮ್ಮ ಹತ್ತಿಯ ಶತ್ರುವಾದ ಗುಲಾಬಿ ಕಾಯಿಕೊರಕದ ಮೋಹಕ ವಸ್ತು ಗೊತ್ತಾದದ್ದು 1973ರಲ್ಲಿ. ಅದಕ್ಕೆ ಗಾಸಿಪ್ಲೂರ್ ಎನ್ನುತ್ತಾರೆ. ಬಹುಮಟ್ಟಿಗೆ ಒಂದೇ ರೀತಿಯಿರುವ ಎರಡು ವಸ್ತುಗಳ ಸುಮಾರು ಸಮಪಾಲಿನ ಮಿಶ್ರಣ ಅದು.

ವಸ್ತು ಸಿಕ್ಕಿತು. ಆದರೆ ಆ ಚೂರು ವಾಸನೆ ಗಾಳಿಯಲ್ಲಿ ಎಷ್ಟು ದೂರ ಹೋಗುತ್ತದೆ? ಇದು ರಸಾಯನದ ಪ್ರಶ್ನೆಯಲ್ಲ, ಲೆಕ್ಕದ ಪ್ರಶ್ನೆ. ಅಮೆರಿಕಾದ ಹಾರ್ವರ್ಡ್ ವಿಶ್ವವಿದ್ಯಾಲಯದ ಬಾಸರ್ಟ್ ಮತ್ತು ವಿಲ್ಸನ್ ಎಂಬ ಇಬ್ಬರು 1963ರಲ್ಲಿ ಇದಕ್ಕೆ ಕೈಹಾಕಿದರು. ಹೊಗೆ ಮತ್ತು ಅನಿಲಗಳು ಗಾಳಿಯಲ್ಲಿ ಹೇಗೆ ಹರಡುತ್ತವೆ ಎಂಬುದಕ್ಕೆ ಇಂಗ್ಲೆಂಡಿನ ಸಟ್ಟನ್ ಎಂಬುವರು ಮೊದಲೇ ಒಂದು ಸೂತ್ರ ಕೊಟ್ಟಿದ್ದರು. ಇವರು ಆ ಸೂತ್ರವನ್ನೇ ಎತ್ತಿಕೊಂಡು, ಹೆಣ್ಣು ಒಂದು ಸೆಕೆಂಡಿಗೆ ಎಷ್ಟು ವಾಸನೆ ಬಿಡುತ್ತದೆ, ಗಂಡಿನ ಮೂಗಿಗೆ ತಿಳಿಯಲು ಕನಿಷ್ಠ ಎಷ್ಟು ಬೇಕು ಎಂಬ ಎರಡು ಅಂಕಿಗಳನ್ನು ಅದಕ್ಕೆ ಸೇರಿಸಿದರು. ಲೆಕ್ಕದಿಂದ ಹೊರಬಿದ್ದದ್ದು ಗಾಳಿಯ ದಿಕ್ಕಿಗೆ ಉದ್ದಕ್ಕೆ ಚಾಚಿದ, ಸೌತೆಕಾಯಿಯ ಆಕಾರದ ಒಂದು ವಾಸನೆಯ ವಲಯ. ಕಾಡುಮರಗಳನ್ನು ಬೋಳಿಸುವ ಜಿಪ್ಸಿ ಪತಂಗಕ್ಕೆ ಆ ವಲಯ ಕಿಲೋಮೀಟರುಗಟ್ಟಲೆ ಉದ್ದ ಬಂತು. ಗಾಳಿ ಜೋರಾದರೆ ವಾಸನೆ ಕಲಕಿ ತೆಳುವಾಗಿ ವಲಯ ಗಿಡ್ಡವಾಗುತ್ತದೆ ಎಂಬುದನ್ನೂ ಆ ಲೆಕ್ಕ ತೋರಿಸಿತು. ಬಲೆ ದೂರ ದೂರದ ಹುಳುವನ್ನು ಎಳೆದು ತರುತ್ತದೆ ಎಂಬ ನಂಬಿಕೆಗೆ ಇಂತಹ ಲೆಕ್ಕಗಳೂ ಒಂದು ಆಸರೆ ಎನ್ನಬಹುದು.

ಆದರೆ ಆ ಲೆಕ್ಕದಲ್ಲಿ ಒಂದು ಕೊರತೆಯಿತ್ತು. ಅದು ಸರಾಸರಿಯ ಲೆಕ್ಕ. ಸರಾಸರಿ ಎಂದರೇನೆಂದು ಮಳೆಯಾಶ್ರಿತ ಬೇಸಾಯಗಾರನಿಗೆ ಹೇಳಿಕೊಡಬೇಕಾಗಿಲ್ಲ. ವರ್ಷಕ್ಕೆ 730 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ದಿನಕ್ಕೆ 2 ಮಿಲಿಮೀಟರ್ ಮಳೆ ಎಂದು ಕಾಗದದ ಮೇಲೆ ಬರೆಯಬಹುದು. ಅದನ್ನು ನಂಬಿ ಬಿತ್ತಿದವನು ಉಂಟೇ? ಮಳೆ ಬರುವುದು ಹದವಾಗಿ ನಾಲ್ಕು ದಿನ, ಬರದೇ ಇರುವುದು ನಲವತ್ತು ದಿನ. ಬೆಳೆ ಬದುಕುವುದು ಸರಾಸರಿಯ ಮೇಲಲ್ಲ, ಆ ನಾಲ್ಕು ದಿನದ ಮೇಲೆ.

ವಾಸನೆಯೂ ಹಾಗೆಯೇ. ಕಣದಲ್ಲಿ ರಾಶಿ ತೂರುವುದನ್ನು ನೆನೆಯಿರಿ. ಸಂಜೆ ಹೊತ್ತಿಗೆ ಗಾಳಿಯ ಮಗ್ಗುಲಲ್ಲಿ ಬಿದ್ದ ಹೊಟ್ಟು ಒಂದೇ ಸಮನೆ ಇಳಿಜಾರಾಗಿ ಹರಡಿರುತ್ತದೆ. ಇದು ಸರಾಸರಿ. ಆದರೆ ಮೊರದಿಂದ ಹೊಟ್ಟು ಹಾರುವ ಆ ಗಳಿಗೆಯಲ್ಲಿ ನೋಡಿದರೆ ಇಲ್ಲೊಂದು ಸುಳಿ, ಅಲ್ಲೊಂದು ಎಳೆ, ನಡುವೆ ಬರಿ ಗಾಳಿ. ಗಂಡು ಪತಂಗ ಹಾರುವುದು ಆ ಗಳಿಗೆಯ ಗಾಳಿಯಲ್ಲೇ ಹೊರತು ಸಂಜೆಯ ಹೊಟ್ಟಿನ ಗುಡ್ಡೆಯಲ್ಲಲ್ಲ. ಇಂಗ್ಲೆಂಡಿನ ಮರ್ಲಿಸ್ ಮತ್ತು ಜೋನ್ಸ್ ಎಂಬುವರು ಬಯಲಿನ ಗಾಳಿಗೆ ವಿದ್ಯುತ್ ಕಣಗಳನ್ನು ಬಿಟ್ಟು, ಕೆಳಗಾಳಿಯಲ್ಲಿ ಉಪಕರಣವಿಟ್ಟು ಅಳೆದು, 1981ರಲ್ಲಿ ಇದನ್ನು ಪ್ರಕಟಿಸಿದರು. ಕಣಗಳು ಒಂದೇ ಸಮನೆ ಬರಲಿಲ್ಲ. ಸೆಕೆಂಡಿನ ಒಂದು ಪಾಲಿನಷ್ಟು ಹೊತ್ತು ದಟ್ಟವಾಗಿ ಬಂದವು, ಮತ್ತೆ ಏನೂ ಇಲ್ಲ, ಮತ್ತೆ ಬಂದವು. 1984ರಲ್ಲಿ ಅಮೆರಿಕಾದ ವಿಜ್ಞಾನಿಗಳು ಕಾಡಿನಲ್ಲಿ ಜಿಪ್ಸಿ ಪತಂಗಗಳನ್ನೇ ಇಟ್ಟು ನೋಡಿದಾಗ, ಯಾವ ಗಂಡಿಗೆ ವಾಸನೆ ತಾಗುತ್ತದೆ ಎಂಬುದನ್ನು ಸರಾಸರಿಯ ಸೂತ್ರಗಳು ಸರಿಯಾಗಿ ಹೇಳಲಾರದೆ ಹೋದವು.

ಹಾಗಾದರೆ ಹರಿದ ಎಳೆಗಳ ಮಧ್ಯೆ ಗಂಡು ದಾರಿ ಕಂಡುಕೊಳ್ಳುವುದು ಹೇಗೆ? ವಾಸನೆ ಹೆಚ್ಚಿದ ಕಡೆ ಹೋಗುತ್ತದೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅದು ನಿಜವಲ್ಲ. ಎಳೆ ಎಳೆಯಾದ ಗಾಳಿಯಲ್ಲಿ ಹೆಚ್ಚು ಕಡಿಮೆ ಎಂಬ ಇಳಿಜಾರೇ ಇಲ್ಲ. ಕೆನಡಿ ಮತ್ತು ಮಾರ್ಷ್ ಎಂಬ ಇಂಗ್ಲೆಂಡಿನ ಕೀಟ ವಿಜ್ಞಾನಿಗಳು 1974ರಲ್ಲಿ ಗಾಳಿಯ ಸುರಂಗವೊಂದರಲ್ಲಿ ಇದನ್ನು ಪರೀಕ್ಷಿಸಿದರು. ಅವರು ಬಳಸಿದ ಪತಂಗ ನಿಮಗೆ ಪರಿಚಯದ್ದೇ: ದವಸದ ಚೀಲಗಳಲ್ಲಿ ಬಲೆ ಹೆಣೆದು ಕಾಳನ್ನು ಗಂಟುಕಟ್ಟಿಸುವ ಉಗ್ರಾಣದ ಪತಂಗ. ಇಂಗ್ಲಿಷಿನವರು ಅದಕ್ಕೆ ಇಂಡಿಯನ್ ಮೀಲ್ ಮಾತ್ ಎಂದೇ ಕರೆಯುತ್ತಾರೆ. ಸುರಂಗದ ನೆಲಕ್ಕೆ ಪಟ್ಟೆ ಬರೆದು ಆ ನೆಲವನ್ನೇ ಹಿಂದೆ ಮುಂದೆ ಸರಿಸಿದಾಗ ಹಾರುವ ಪತಂಗ ಅದಕ್ಕೆ ತಕ್ಕಂತೆ ತನ್ನ ಹಾರಾಟವನ್ನು ಬದಲಿಸಿತು. ಅಂದರೆ ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂಬುದನ್ನು ಅದು ಮೈಗೆ ತಾಗುವ ಗಾಳಿಯಿಂದ ತಿಳಿಯುವುದಿಲ್ಲ, ಕೆಳಗೆ ಸರಿಯುವ ನೆಲವನ್ನು ನೋಡಿ ತಿಳಿಯುತ್ತದೆ. ಹರಿಗೋಲಿನಲ್ಲಿ ಕೂತವನಿಗೆ ಹೊಳೆಯ ಸೆಳೆತ ತಿಳಿಯಬೇಕಾದರೆ ದಂಡೆಯ ಮರಗಳನ್ನು ನೋಡಬೇಕಲ್ಲವೇ, ಹಾಗೆ.

ಉಳಿದದ್ದು ಎರಡೇ ನಿಯಮ. ವಾಸನೆಯ ಎಳೆ ತಾಗಿದೊಡನೆ ಗಾಳಿಗೆದುರಾಗಿ ಮುನ್ನುಗ್ಗು. ಎಳೆ ತಪ್ಪಿದರೆ ಮುಂದೆ ಹೋಗಬೇಡ, ಗಾಳಿಗೆ ಅಡ್ಡಲಾಗಿ ಎಡ ಬಲ ಹಾರುತ್ತಾ ಅಗಲ ಹೆಚ್ಚಿಸುತ್ತಾ ಹುಡುಕು. 1994ರಲ್ಲಿ ಎರಡು ಬೇರೆ ಬೇರೆ ತಂಡಗಳು ವಾಸನೆಯನ್ನು ತುಣುಕು ತುಣುಕಾಗಿ ಬಿಟ್ಟು ಇದನ್ನು ಖಚಿತಪಡಿಸಿದವು. ತುಣುಕುಗಳು ಬೇಗ ಬೇಗ ಬಂದರೆ ಪತಂಗ ನೆಟ್ಟಗೆ ಹಾರಿತು, ತಡವಾಗಿ ಬಂದರೆ ಸೊಟ್ಟಗೆ ಹಾರಿತು.

ಗಣಿತಜ್ಞರು ಇಲ್ಲಿಂದ ಮುಂದೆ ಸಾಗಿದರು. ವೆರ್ಗಸೋಲ, ವಿಲೆರ್ಮೋ, ಶ್ರೈಮನ್ ಎಂಬ ಮೂವರು 2007ರಲ್ಲಿ ಒಂದು ಹೊಸ ಲೆಕ್ಕ ಮುಂದಿಟ್ಟರು. ಅದನ್ನು ಹೀಗೆ ಹೇಳಬಹುದು. ರಾತ್ರಿ ಎತ್ತು ಕಳೆದುಹೋಗಿದೆ, ಕೊರಳ ಗಂಟೆ ಆಗೊಮ್ಮೆ ಈಗೊಮ್ಮೆ ಕೇಳಿಸುತ್ತದೆ. ಹುಡುಕುವವನು ಗಂಟೆ ಕೇಳಿದ ಕಡೆ ಒಮ್ಮೆಲೆ ಓಡುವುದಿಲ್ಲ. ಇಲ್ಲಿ ನಿಂತಾಗ ಕೇಳಿತು, ಹಳ್ಳದ ಹತ್ತಿರ ಕೇಳಲಿಲ್ಲ, ಹಾಗಾದರೆ ಆ ಕಡೆ ಇರಲಾರದು ಎಂದು ಮನಸ್ಸಿನಲ್ಲೇ ಜಾಗಗಳನ್ನು ಹೊಡೆದುಹಾಕುತ್ತಾ, ಯಾವ ಕಡೆ ನಾಲ್ಕು ಹೆಜ್ಜೆ ಇಟ್ಟರೆ ಹೆಚ್ಚು ತಿಳಿಯುತ್ತದೋ ಆ ಕಡೆ ಹೆಜ್ಜೆ ಇಡುತ್ತಾನೆ. ಕೇಳಿಸದೇ ಇದ್ದದ್ದೂ ಒಂದು ಸುದ್ದಿಯೇ. ಈ ಲೆಕ್ಕವನ್ನು ಗಣಕಯಂತ್ರಕ್ಕೆ ಕೊಟ್ಟಾಗ ಅದು ಬರೆದ ದಾರಿ ಪತಂಗದ ದಾರಿಯನ್ನೇ ಹೋಲುತ್ತಿತ್ತು: ಅದೇ ಎಡ ಬಲದ ಸುತ್ತಾಟ, ಅದೇ ಮುನ್ನುಗ್ಗುವಿಕೆ. ಪತಂಗ ತಲೆಯಲ್ಲಿ ಲೆಕ್ಕ ಹಾಕುತ್ತದೆ ಎಂದಲ್ಲ. ಆ ಎರಡು ಸರಳ ನಿಯಮಗಳು ಎಷ್ಟು ಪಕ್ವವಾದವು ಎಂಬುದು ಇದರಿಂದ ತಿಳಿಯಿತು. ಟೋಕಿಯೋ ವಿಶ್ವವಿದ್ಯಾಲಯದವರು 2013ರಲ್ಲಿ ಗಂಡು ರೇಷ್ಮೆ ಪತಂಗವನ್ನೇ ಒಂದು ಚೆಂಡಿನ ಮೇಲೆ ನಡೆಸಿ, ಅದರ ಹೆಜ್ಜೆಯಂತೆ ಓಡುವ ಎರಡು ಗಾಲಿಯ ಪುಟ್ಟ ಗಾಡಿ ಮಾಡಿದರು. ಪತಂಗ ಆ ಗಾಡಿಯನ್ನು ವಾಸನೆಯ ಮೂಲಕ್ಕೆ ನಡೆಸಿಕೊಂಡು ಹೋಯಿತು. ನಮ್ಮ ಬಿತ್ತನೆ ಕೋಠಿಯ ತಟ್ಟೆಯಲ್ಲಿ ಓಡಾಡುವ ಪ್ರಾಣಿಯೇ ಅದು.

ಇದೆಲ್ಲ ಸರಿ, ನಮ್ಮ ಹೊಲಕ್ಕೇನು ಪ್ರಯೋಜನ ಎಂದು ಕೇಳುವಿರಿ. ಈಗ ಅಲ್ಲಿಗೇ ಬರೋಣ.

ಮೊದಲು ಪಕ್ಕದ ಹೊಲದ ಹುಳುವಿನ ಭಯ. ಅಮೆರಿಕಾದ ಮಿಷಿಗನ್ ರಾಜ್ಯದ ವಿಜ್ಞಾನಿಗಳು ಸೇಬಿನ ಕಾಯಿಕೊರಕ ಪತಂಗಗಳನ್ನು ಗುರುತು ಮಾಡಿ, ಬಲೆಯಿಂದ ಬೇರೆ ಬೇರೆ ದೂರದಲ್ಲಿ ಬಿಟ್ಟು, ಎಷ್ಟು ಮರಳಿ ಸಿಕ್ಕವು ಎಂಬುದರಿಂದ ಲೆಕ್ಕ ಹಾಕಿದರು. 2017ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ ಬಲೆಯ ವಾಸನೆ ನಿಜವಾಗಿ ಪತಂಗವನ್ನು ಸೆಳೆಯುವುದು 5 ಮೀಟರಿಗಿಂತ ಕಡಿಮೆ ದೂರದಿಂದ. ಆದರೂ ಬಲೆಗೆ ಬಿದ್ದ ಪತಂಗಗಳು ಸುಮಾರು 21 ಹೆಕ್ಟೇರು, ಅಂದರೆ 52 ಎಕರೆ ವಿಸ್ತಾರದಿಂದ ಬಂದವು. ಆ ವಿಸ್ತಾರದಲ್ಲಿದ್ದ ಗಂಡುಗಳಲ್ಲಿ ಬಲೆಗೆ ಬಿದ್ದದ್ದು ನೂರಕ್ಕೆ ಒಂದು. ಸೇಬಿನ ಪತಂಗದ ಅಂಕಿಗಳು ಹತ್ತಿಯ ಪತಂಗಕ್ಕೆ ಹಾಗೇ ಹೊಂದುವುದಿಲ್ಲ, ಆದರೆ ಇದರ ಅರ್ಥ ಮುಖ್ಯ. ಪತಂಗ ತನ್ನಷ್ಟಕ್ಕೆ ತಾನು ಹೊಲದಿಂದ ಹೊಲಕ್ಕೆ ಅಲೆಯುತ್ತಿರುತ್ತದೆ. ಅಲೆಯುತ್ತಾ ಬಲೆಯ ಸಮೀಪ ಬಂದಾಗ ಎಳೆ ತಾಗಿ ಒಳಗೆ ಬೀಳುತ್ತದೆ. ಬಲೆ ಅದನ್ನು ದೂರದಿಂದ ಕರೆಯಲಿಲ್ಲ. ಇದರೊಂದಿಗೆ ಇನ್ನೊಂದು ಮಾತೂ ಸಿದ್ಧವಾಯಿತು. ನಿಮ್ಮ ಮೂರು ಎಕರೆಯ ಬಲೆ ಹೇಳುವುದು ನಿಮ್ಮ ಮೂರು ಎಕರೆಯ ಸುದ್ದಿಯನ್ನಷ್ಟೇ ಅಲ್ಲ, ಸುತ್ತಲಿನ ಹತ್ತಾರು ರೈತರ ಹೊಲದ ಸುದ್ದಿಯನ್ನು.

ಎರಡನೆಯದು, ಬಲೆಯೇ ಹುಳುವನ್ನು ಮುಗಿಸುತ್ತದೆ ಎಂಬ ಭರವಸೆ. ಅಮೆರಿಕಾದ ಕೃಷಿ ಇಲಾಖೆಯ ನಿಪ್ಲಿಂಗ್ ಮತ್ತು ಮೆಕ್‌ಗೈರ್ 1966ರಲ್ಲೇ ಇದರ ಲೆಕ್ಕ ಹಾಕಿದ್ದರು. ಬಲೆ ಎಂದರೆ ಒಂದು ಸುಳ್ಳು ಹೆಣ್ಣು, ಅದು ನಿಜವಾದ ಹೆಣ್ಣುಗಳ ಜೊತೆ ಪೈಪೋಟಿ ಮಾಡಬೇಕು ಎಂಬುದು ಆ ಲೆಕ್ಕದ ಮೂಲ. ನೀವೂ ಮಾಡಿ ನೋಡಿ. ಒಂದು ಬಲೆ ಒಂದು ಹೆಣ್ಣಿಗೆ ಸಮ ಎಂದು ಹಿಡಿಯಿರಿ. ಹಂಗಾಮಿನ ಆರಂಭದಲ್ಲಿ ಹೊಲದಲ್ಲಿ 5 ಹೆಣ್ಣು, 5 ಗಂಡು ಇವೆ, 10 ಬಲೆಗಳಿವೆ. ಗಂಡಿಗೆ ಎದುರಾಗುವ 15 ವಾಸನೆಗಳಲ್ಲಿ 10 ಸುಳ್ಳು. ಆ ರಾತ್ರಿ ಮೂರರಲ್ಲಿ ಎರಡು ಪಾಲು ಗಂಡುಗಳು, ಅಂದರೆ ಮೂರಕ್ಕಿಂತ ತುಸು ಹೆಚ್ಚು, ಬಲೆಗೆ ಬೀಳುತ್ತವೆ. ಅದೇ ಹೊಲದಲ್ಲಿ ಕೊನೆ ಕೊನೆಗೆ 100 ಹೆಣ್ಣು, 100 ಗಂಡು ಆದವೆನ್ನಿ. ಬಲೆಗಳು 10 ಇದ್ದಂತೆಯೇ ಇವೆ. ಈಗ 110 ವಾಸನೆಗಳಲ್ಲಿ 10 ಮಾತ್ರ ಸುಳ್ಳು. ಬಲೆಗೆ ಬೀಳುವುದು 9, ಹೊರಗೆ ಉಳಿಯುವುದು 91. ಒಂದು ಗಂಡು ಬೇರೆ ಬೇರೆ ರಾತ್ರಿ ಹಲವು ಹೆಣ್ಣುಗಳನ್ನು ಕೂಡಬಲ್ಲದು ಎಂಬುದನ್ನು ಸೇರಿಸಿದರೆ ಬಲೆಯಿಂದ ಆದ ಉಪಕಾರ ಇನ್ನೂ ಕಡಿಮೆ.

ಈ ಪುಟ್ಟ ಲೆಕ್ಕದಲ್ಲಿ ಅಡಗಿರುವ ಅಪಾಯವನ್ನು ಗಮನಿಸಿದಿರಾ? ಹೊಲದಲ್ಲಿ ಪತಂಗ ಇಪ್ಪತ್ತು ಪಟ್ಟು ಹೆಚ್ಚಿತು, ಬಲೆಯ ಲೆಕ್ಕ ಮೂರು ಪಟ್ಟೂ ಹೆಚ್ಚಲಿಲ್ಲ. ಕಾಯಿ ಕಟ್ಟಿ ಬಲಿಯುವ ದಿನಗಳಲ್ಲಿ "ಬಲೆಯಲ್ಲಿ ಅಷ್ಟೇನೂ ಬಿದ್ದಿಲ್ಲ" ಎಂದು ಸುಮ್ಮನೆ ಕೂತವರ ಮನೆಗೆ ಕೀಟು ಹಿಡಿದ ಹತ್ತಿ ಬರುವುದು ಹೀಗೆ. ಆದ್ದರಿಂದ ಹಂಗಾಮಿನ ಮೊದಲ ಭಾಗದಲ್ಲಿ ಬಲೆಯ ಮಾತು ಕೇಳಿ, ಕಾಯಿ ಬಲಿತ ಮೇಲೆ ಬಲೆಯ ಜೊತೆ ಕಾಯಿಯ ಮಾತನ್ನೂ ಕೇಳಿ. ವಾರಕ್ಕೊಮ್ಮೆ ಎಕರೆಗೆ 20 ಹಸಿ ಕಾಯಿ ಅಲ್ಲಲ್ಲಿ ಕಿತ್ತು ಒಡೆದು ನೋಡಬೇಕು. ಎರಡರಲ್ಲಿ ಜೀವಂತ ಹುಳು ಸಿಕ್ಕರೆ ಸಿಂಪರಣೆಗೆ ಕಾಲ ಬಂದಿದೆ ಎಂದರ್ಥ. ಬಲೆಯ ಕಡೆಯಿಂದ ಇರುವ ಶಿಫಾರಸು, ಒಂದು ಬಲೆಗೆ ರಾತ್ರಿಯೊಂದಕ್ಕೆ 8 ಪತಂಗದಂತೆ ಸತತ ಮೂರು ರಾತ್ರಿ ಬಿದ್ದರೆ ಕ್ರಮ ಕೈಗೊಳ್ಳುವುದು. ಎರಡರಲ್ಲಿ ಯಾವುದು ಮೊದಲು ಮುಟ್ಟಿತೋ ಅದನ್ನು ನಂಬಿ. ಎರಡೂ ಮುಟ್ಟದಿರುವಾಗ ಅಂಗಡಿಯವರ ಮಾತಿಗೆ ಔಷಧಿ ಹೊಡೆದರೆ ಹೋಗುವುದು ನಿಮ್ಮ ಹಣ.

ಇನ್ನೊಂದು ವಿಧಾನವಿದೆ. ಹೆಣ್ಣಿನ ಎಳೆಗಳು ಗಂಡಿಗೆ ಗೊತ್ತಾಗದಂತೆ ಇಡೀ ಹೊಲದ ಗಾಳಿಯನ್ನೇ ಮೋಹಕ ವಸ್ತುವಿನಿಂದ ತುಂಬಿಬಿಡುವುದು. ಎಳೆ ಹರಿದು ಹರಿದು ಬಂದರೆ ತಾನೇ ಪತಂಗ ಮುನ್ನುಗ್ಗುವುದು? ಒಂದೇ ಸಮನೆ ಮಂಜಿನಂತೆ ಕವಿದ ವಾಸನೆಯಲ್ಲಿ ಕೆಲವು ಜಾತಿಯ ಪತಂಗಗಳು ಮುಂದೆ ಹೋಗದೆ ಅಡ್ಡಾಡುತ್ತಾ ಉಳಿಯುವುದನ್ನು ಕೆನಡಿಯವರ ತಂಡ 1980ರಲ್ಲಿ ತೋರಿಸಿತ್ತು. ಹೀಗೆ ಕೂಡಿಕೆ ತಪ್ಪಿಸಲು ಅಮೆರಿಕಾದಲ್ಲಿ 1978ರಲ್ಲಿ ಪರವಾನಗಿ ಪಡೆದ ಮೊದಲ ವಸ್ತು ನಮ್ಮ ಗುಲಾಬಿ ಕಾಯಿಕೊರಕದ ಗಾಸಿಪ್ಲೂರೇ. ಆ ದೇಶ 2018ರಲ್ಲಿ ತನ್ನ ಹತ್ತಿ ನಾಡಿನಿಂದ ಈ ಹುಳು ನಿರ್ಮೂಲವಾಯಿತೆಂದು ಘೋಷಿಸಿತು. ಬಿ.ಟಿ. ಹತ್ತಿ, ಸಂತಾನಶಕ್ತಿ ಕಳೆದು ವಿಮಾನದಿಂದ ಬಿಟ್ಟ ಪತಂಗಗಳು, ಕೂಡಿಕೆ ತಪ್ಪಿಸುವ ಮೋಹಕ ವಸ್ತು, ಬೆಳೆಯ ಉಳಿಕೆಯ ನಾಶ, ಇವೆಲ್ಲ ಸೇರಿ ಅದು ಸಾಧ್ಯವಾಯಿತು. ನಮ್ಮಲ್ಲಿ ಇದೇ ಹುಳು ಬಿ.ಟಿ. ಹತ್ತಿಯನ್ನೂ ಜೀರ್ಣಿಸಿಕೊಳ್ಳಲು ಕಲಿತಿದೆ ಎಂಬುದು 2010ರಲ್ಲಿ ಗುಜರಾತಿನಿಂದ ಬಂದ ಸುದ್ದಿ. ಆಮೇಲಿನ ಕಥೆ ನಿಮಗೆ ಗೊತ್ತೇ ಇದೆ.

ಗಿಡಕ್ಕೆ ಕಟ್ಟುವ ಮೋಹಕ ದಾರಗಳನ್ನು ಭಾರತದ ಹತ್ತಿ ಹೊಲಗಳಲ್ಲೂ ಬಳಸಿ ನೋಡಲಾಗಿದೆ. ಆದರೆ ಒಬ್ಬನೇ ರೈತ ಒಂದು ಎಕರೆಗೆ ಕಟ್ಟಿದರೆ ಏನಾಗುತ್ತದೆ? ಇಲ್ಲಿಯೂ ಲೆಕ್ಕವೇ ಉತ್ತರ ಹೇಳಬೇಕು. ಒಂದು ಎಕರೆಯ ಚೌಕ ಹೊಲದ ಮಗ್ಗುಲು ಸುಮಾರು 209 ಅಡಿ. ಹೊರಗಿನ ಗಾಳಿ ನುಗ್ಗಿ ಬದುವಿನಿಂದ 30 ಅಡಿ ಒಳಗಿನ ತನಕ ವಾಸನೆ ತೆಳುವಾಗುತ್ತದೆ ಎಂದಿಟ್ಟುಕೊಳ್ಳಿ. ಗಾಳಿ ದಿಕ್ಕು ಬದಲಿಸುತ್ತಿರುವುದರಿಂದ ನಾಲ್ಕೂ ಕಡೆ ಈ ಅಂಚನ್ನು ಕಳೆಯಬೇಕು. ಉಳಿಯುವುದು 149 ಅಡಿಯ ಚೌಕ, ಅಂದರೆ ಹೊಲದ ಅರ್ಧ. ಇನ್ನರ್ಧಕ್ಕೆ ಹಾಕಿದ ಹಣ ಗಾಳಿಪಾಲು. ಅದೇ 25 ಎಕರೆ ಒಂದೇ ಚೌಕವಾಗಿ ಸೇರಿದರೆ ಮಗ್ಗುಲು ಸುಮಾರು 1,044 ಅಡಿ. ಅಂಚಿಗೆ ಹೋಗುವುದು ನೂರಕ್ಕೆ 11 ಪಾಲು ಮಾತ್ರ. ಜೊತೆಗೆ, ಮೊದಲೇ ಬೇರೆ ಹೊಲದಲ್ಲಿ ಗಂಡನ್ನು ಕೂಡಿದ ಹೆಣ್ಣು ಹಾರಿ ಬಂದು ನಿಮ್ಮ ಕಾಯಿಯ ಮೇಲೆ ಮೊಟ್ಟೆ ಇಟ್ಟರೆ ಯಾವ ದಾರವೂ ಅದನ್ನು ತಡೆಯಲಾರದು. ಅಣ್ಣತಮ್ಮಂದಿರ ಪಾಲಿನಲ್ಲಿ ಹರಿದು ಹಂಚಿಹೋದ ನಮ್ಮ ಹಿಡುವಳಿಗಳಿಗೆ ಈ ವಿದ್ಯೆ ಫಲಿಸಬೇಕಾದರೆ ಬದುವಿನ ಎರಡೂ ಕಡೆಯವರು ಮಾತಾಡಿಕೊಳ್ಳಲೇಬೇಕು.

ಆದ್ದರಿಂದ ನಮ್ಮ ಸಲಹೆ ಇಷ್ಟು. ಎಷ್ಟೋ ಕಡೆ ಬಲೆ ಹಂಚಿದ ಲೆಕ್ಕ ಕಡತದಲ್ಲಿ ಭದ್ರವಾಗಿರುತ್ತದೆ, ಬಲೆಗೆ ಬಿದ್ದ ಪತಂಗದ ಲೆಕ್ಕ ಎಲ್ಲಿಯೂ ಇರುವುದಿಲ್ಲ. ಬಲೆ ಕಟ್ಟಿ ಎಣಿಸದವನು ಮಳೆಮಾಪಕ ಇಟ್ಟು ನೋಡದವನಂತೆ. ಈ ಪತ್ರಿಕೆಯನ್ನು ನೀವು ಓದುತ್ತಿರುವ ವಾಚನಾಲಯದ ಗೋಡೆಗೇ ಒಂದು ಕಪ್ಪುಹಲಗೆ ಹಾಕಿಸಿ. ಊರಿನ ನಾಲ್ಕು ದಿಕ್ಕಿನ ಹೊಲಗಳಿಂದ ನಾಲ್ವರು ರೈತರು ಬೆಳಿಗ್ಗೆ ಬಲೆ ನೋಡಿ ಬಂದು ತಾರೀಖು, ಯಾವ ಹೊಲ, ಎಷ್ಟು ಬಲೆ, ಎಷ್ಟು ಪತಂಗ, ರಾತ್ರಿ ಗಾಳಿ ಯಾವ ಕಡೆಯದು ಎಂದು ಬರೆಯಲಿ. ಶಾಲೆಗೆ ಹೋಗುವ ಮಕ್ಕಳಿಗೆ ಈ ಕೆಲಸ ಒಪ್ಪಿಸಿದರೂ ಆದೀತು, ಅವರು ನಮಗಿಂತ ಶಿಸ್ತಾಗಿ ಮಾಡುತ್ತಾರೆ. ಎಣಿಸಿದ ಪತಂಗಗಳನ್ನು ಚೀಲದಿಂದ ಸುರಿದು ಹೂಳಬೇಕು, ಇಲ್ಲವಾದರೆ ನಾಳೆ ಅವನ್ನೇ ಮತ್ತೆ ಎಣಿಸಿದ ಹಾಗಾಗುತ್ತದೆ. ಒಂದು ದಿಕ್ಕಿನಲ್ಲಿ ಲೆಕ್ಕ ಏರತೊಡಗಿದರೆ ಆ ಕಡೆಯ ಹತ್ತು ಮನೆಯವರು ಮರುದಿನವೇ ಕಾಯಿ ಒಡೆದು ನೋಡಬಹುದು. ಊರಿಗೆ ಊರೇ ಔಷಧಿ ಅಂಗಡಿಗೆ ಓಡುವ ಪ್ರಸಂಗ ಬರುವುದಿಲ್ಲ.

ಬಲೆಯನ್ನು ಪೈರಿನ ತುದಿಗಿಂತ ಒಂದು ಅಡಿ ಎತ್ತರದಲ್ಲಿ ಕಟ್ಟಿ, ಪೈರು ಬೆಳೆದಂತೆ ಅದನ್ನೂ ಏರಿಸುತ್ತಾ ಹೋಗಿ. ಎಲೆಗಳ ಮರೆಯಲ್ಲಿ ಬಿದ್ದ ಬಲೆಗೆ ಗಾಳಿ ಆಡುವುದಿಲ್ಲ, ಎಳೆ ಹೊರಡುವುದಿಲ್ಲ. ಸಮೀಕ್ಷೆಗೆ ಎಕರೆಗೆ ಎರಡು ಸಾಕು. ಲೂರ್ ಕೊಳ್ಳುವಾಗ ಗುಲಾಬಿ ಕಾಯಿಕೊರಕದ್ದೇ ಎಂದು ಪೊಟ್ಟಣ ಓದಿ ತೆಗೆದುಕೊಳ್ಳಿ, ತೊಗರಿಯ ಕಾಯಿಕೊರಕದ ಲೂರಿಗೆ ಇದು ಬೀಳುವುದಿಲ್ಲ. ಬಿಸಿಲಲ್ಲಿ ಇಡಬೇಡಿ. ಹೊಗೆಸೊಪ್ಪು, ಔಷಧಿ ಮುಟ್ಟಿದ ಕೈಯಲ್ಲಿ ಅದನ್ನು ಹಿಡಿಯಬೇಡಿ. ಪೊಟ್ಟಣದ ಮೇಲೆ ಬರೆದ ಅವಧಿಗೆ, ಸಾಮಾನ್ಯವಾಗಿ ಮೂರು ನಾಲ್ಕು ವಾರಕ್ಕೊಮ್ಮೆ, ಲೂರ್ ಬದಲಿಸಿ ಆ ತಾರೀಖನ್ನೂ ಹಲಗೆಯ ಮೇಲೆ ಬರೆಯಿರಿ. ತೆಗೆದ ಹಳೆಯ ಬಿರಡೆಯನ್ನು ಸಾಲಿನ ನಡುವೆ ಎಸೆಯದೆ ಮನೆಗೆ ತಂದು ಸುಟ್ಟುಬಿಡಿ. ಅದರಲ್ಲಿ ಉಳಿದ ಚೂರು ವಾಸನೆಯೂ ಗಂಡು ಪತಂಗವನ್ನು ಬಲೆಯ ದಾರಿ ತಪ್ಪಿಸಿ, ನಿಮ್ಮ ಲೆಕ್ಕವನ್ನು ಕೆಡಿಸುತ್ತದೆ.